ಮದುವೆಯ ಜವಳಿ: ಕಾರವಾರದ ಕಡಲು ಹೇಳುವ ಕಥೆ

ಕಾರವಾರದ ಹಬ್ಬುವಾಡದಂತಹ ಓಣಿಯಲ್ಲಿ ಒಂದು ಮದುವೆ ಗೊತ್ತಾಯಿತೆಂದರೆ ಛತ್ರಕ್ಕಿಂತ ಮೊದಲು, ಊಟಕ್ಕಿಂತ ಮೊದಲು ಮಾತಿಗೆ ಬರುವುದು ಜವಳಿ. ಜವಳಿ ತೆಗೆಯುವುದು ಯಾವಾಗ, ಎಲ್ಲಿ, ಯಾರ್ಯಾರು ಹೋಗಬೇಕು ಎಂಬ ಚರ್ಚೆ ವಾರಗಟ್ಟಲೆ ನಡೆಯುತ್ತದೆ. ಒಂದು ಮನೆಯವರಿಗೆ ಧಾರೆ ಸೀರೆ ಬೇಕು. ಪಕ್ಕದ ಕ್ರೈಸ್ತರ ಮನೆಗೆ ಇಗರ್ಜಿಯ ಬಿಳಿ ಗೌನು ಬೇಕು, ಅದರ ಜೊತೆಗೆ ಕೆಂಪು ಸಾಡೊ ಬೇಕು. ಮುಸ್ಲಿಮರ ಮನೆಗೆ ನಿಕಾಹ್‌ದ ಜೋಡಾ ಬೇಕು. ಮೂರೂ ಮನೆಯವರು ಹತ್ತುವುದು ಒಂದೇ ಬಟ್ಟೆಯಂಗಡಿಯ ಮೆಟ್ಟಿಲು. ಹೊಲಿಗೆಗೂ, ಫಾಲ್-ಪಿಕೋಗೂ, ಸೆರಗಿನ ಕುಚ್ಚಿಗೂ ಹೋಗುವುದು ಒಂದೇ ದರ್ಜಿಯ ಬಳಿಗೆ.

ಆದರೂ ಪ್ರತಿಯೊಬ್ಬರೂ ತಾವು ಕೊಂಡ ಬಟ್ಟೆಯನ್ನು ‘ನಮ್ಮವರ ಪದ್ಧತಿ’ ಎನ್ನುತ್ತಾರೆ. ಹಾಗೆನ್ನುವುದರಲ್ಲಿ ತಪ್ಪೇನೂ ಇಲ್ಲ. ಆದರೆ ‘ಇದು ನಮ್ಮದು’ ಎಂಬ ಮಾತು ‘ಅದು ಅವರದು, ನಮಗೆ ಬೇಡ’ ಎಂಬ ಮಾತಾಗಿ ತಿರುಗುತ್ತಿರುವ ಕಾಲ ಇದು. ಯಾರ ಅಂಗಡಿಯಲ್ಲಿ ಕೊಳ್ಳಬೇಕು, ಯಾರಲ್ಲಿ ಕೊಳ್ಳಬಾರದು ಎಂಬ ಕರೆಗಳನ್ನೂ ಈ ನಾಡು 2022ರಲ್ಲಿ ಕೇಳಿತು. ಆದ್ದರಿಂದ ವಧುವಿನ ಮೈಮೇಲಿನ ಬಟ್ಟೆ ನಿಜವಾಗಿ ಎಲ್ಲಿಂದ ಬಂತು ಎಂದು ಒಮ್ಮೆ ವಿಚಾರಿಸಿ ನೋಡುವುದು ಒಳ್ಳೆಯದು. ಈ ವಿಚಾರಣೆಗೆ ಕಾರವಾರಕ್ಕಿಂತ ಯೋಗ್ಯವಾದ ಊರು ಸಿಗುವುದು ಕಷ್ಟ. ಏಕೆಂದರೆ ಒಂದು ಕಾಲದಲ್ಲಿ ಈ ಊರಿನ ಹೆಸರು ಜಗತ್ತಿಗೆ ಗೊತ್ತಾದದ್ದು ಎರಡು ಸರಕುಗಳಿಂದ. ಒಂದು ಕರಿಮೆಣಸು, ಇನ್ನೊಂದು ಬಟ್ಟೆ.

ಹೊಲಿಗೆ ಇಲ್ಲದ ಉಡುಗೆ

ಈ ಕರಾವಳಿಯ ಮಹಿಳೆಯರ ಉಡುಗೆಯ ಬಗ್ಗೆ ನಮಗೆ ಸಿಗುವ ಹಳೆಯ ವರ್ಣನೆಗಳಲ್ಲಿ ಮುಖ್ಯವಾದುದು ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತಾನದು. ಆತ 1340ರ ದಶಕದಲ್ಲಿ ಕಾರವಾರದ ದಕ್ಷಿಣಕ್ಕಿರುವ ಹೊನ್ನಾವರಕ್ಕೆ ಬಂದ. ಅದನ್ನು ಅವನು ‘ಹಿನೌರ್’ ಎಂದು ಕರೆದ. ಅಲ್ಲಿ ಆಗ ಸುಲ್ತಾನ್ ಜಮಾಲುದ್ದೀನನ ಆಳ್ವಿಕೆಯಿತ್ತು. ಆ ಊರಿನಲ್ಲಿ ಹುಡುಗಿಯರಿಗಾಗಿ 13 ಮತ್ತು ಹುಡುಗರಿಗಾಗಿ 23 ಶಾಲೆಗಳಿದ್ದುದನ್ನು ಕಂಡು ಆತ ಬೆರಗಾದ. ಇಂಥದ್ದನ್ನು ತಾನು ಬೇರೆಲ್ಲೂ ಕಾಣಲಿಲ್ಲವೆಂದು ದಾಖಲಿಸಿದ. ಅಲ್ಲಿನ ಮಹಿಳೆಯರಿಗೆ ಕುರ್‌ಆನ್ ಕಂಠಸ್ಥವಾಗಿತ್ತೆಂದೂ, ಅವರು ಮೂಗಿಗೆ ಚಿನ್ನದ ಉಂಗುರ ಧರಿಸುತ್ತಿದ್ದರೆಂದೂ ಬರೆದ. ಅದೇ ಉಸಿರಿನಲ್ಲಿ ಇನ್ನೊಂದು ಮಾತನ್ನೂ ಸೇರಿಸಿದ: ಇಲ್ಲಿನ ಮತ್ತು ಇಡೀ ಕರಾವಳಿಯ ಮಹಿಳೆಯರು ಹೊಲಿದ ಬಟ್ಟೆ ತೊಡುವುದಿಲ್ಲ, ಒಂದೇ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಉಳಿದುದನ್ನು ತಲೆ ಮತ್ತು ಎದೆಯ ಮೇಲೆ ಹೊದೆಯುತ್ತಾರೆ.

ಅಂದರೆ ಕುರ್‌ಆನ್ ಓದಿದ ಆ ಮಹಿಳೆಯರು ಉಟ್ಟಿದ್ದು ನೆರೆಹೊರೆಯ ಮಹಿಳೆಯರು ಉಡುತ್ತಿದ್ದ ಉಡುಗೆಯನ್ನೇ. ನಂಬಿಕೆ ಬೇರೆಯಾಗಿದ್ದರೂ ಬಟ್ಟೆ ಒಂದೇ ಆಗಿತ್ತು. ಈ ಹೊಲಿಯದ ಉಡುಗೆಯ ಒಂದು ರೂಪವನ್ನು ನಮ್ಮ ಕಾಲದವರೂ ನೋಡಿದ್ದಾರೆ. ಅಂಕೋಲಾ ಸೀಮೆಯ ಹಾಲಕ್ಕಿ ಒಕ್ಕಲಿಗರ ಹಿರಿಯ ಮಹಿಳೆಯರು ರವಿಕೆಯಿಲ್ಲದೆ ಸೀರೆಯನ್ನು ಹೆಗಲಿಗೆ ಗಂಟು ಹಾಕಿ, ಕೊರಳ ತುಂಬ ಮಣಿಸರ ತೊಡುತ್ತಾರೆ. ಹಾಲಕ್ಕಿಗಳ ಮದುವೆಯ ಹಾಡುಗಳನ್ನು ತನ್ನ ನೆನಪಿನಲ್ಲಿ ಕಾಪಾಡಿದ ಬಡಿಗೇರಿಯ ಸುಕ್ರಿ ಬೊಮ್ಮಗೌಡ, 2017ರಲ್ಲಿ ಪದ್ಮಶ್ರೀ ಪಡೆದವರು, 2025ರ ಫೆಬ್ರವರಿಯಲ್ಲಿ ತೀರಿಕೊಳ್ಳುವವರೆಗೂ ಇದೇ ಉಡುಗೆಯಲ್ಲಿದ್ದರು. ಹೊನ್ನಳ್ಳಿಯ ತುಳಸಿ ಗೌಡ 2021ರಲ್ಲಿ ಇದೇ ಉಡುಗೆಯಲ್ಲಿ, ಬರಿಗಾಲಲ್ಲಿ, ರಾಷ್ಟ್ರಪತಿ ಭವನದಲ್ಲಿ ನಡೆದುಹೋದದ್ದನ್ನು ದೇಶವೇ ನೋಡಿತು.

ನೂಲು ಒಂದು, ನೇಯ್ಗೆ ಇನ್ನೊಂದು

ಇತಿಹಾಸದಲ್ಲಿ ಮುಂದೆ ಹೋಗುವ ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಅಂಗಡಿಯಲ್ಲಿ ನಾವು ಸಿಲ್ಕ್, ಸ್ಯಾಟಿನ್, ಜಾರ್ಜೆಟ್, ಕ್ರೇಪ್, ನೆಟ್ ಎಂದು ಒಂದೇ ಉಸಿರಿನಲ್ಲಿ ಕೇಳುತ್ತೇವೆ. ಆದರೆ ಇವೆಲ್ಲ ಒಂದೇ ಜಾತಿಯ ಹೆಸರುಗಳಲ್ಲ. ರೇಷ್ಮೆ, ಹತ್ತಿ, ಪಾಲಿಯೆಸ್ಟರ್ ಎಂಬುವು ನೂಲಿನ ಹೆಸರುಗಳು. ಸ್ಯಾಟಿನ್, ಜಾರ್ಜೆಟ್, ಕ್ರೇಪ್ ಎಂಬುವು ಆ ನೂಲನ್ನು ಹೊಸೆದ ಅಥವಾ ನೇಯ್ದ ರೀತಿಯ ಹೆಸರುಗಳು. ಆದ್ದರಿಂದ ‘ಸ್ಯಾಟಿನ್’ ಎಂದ ಮಾತ್ರಕ್ಕೆ ಅದು ರೇಷ್ಮೆಯಾಗಬೇಕಿಲ್ಲ. ಇಂದು ಮಾರಾಟವಾಗುವ ಬಿಳಿ ಗೌನುಗಳ ಸ್ಯಾಟಿನ್ ಹೆಚ್ಚಾಗಿ ಪಾಲಿಯೆಸ್ಟರಿನದು.

ಸಾದಾ ನೇಯ್ಗೆಯಲ್ಲಿ ಹೊಕ್ಕು ಮತ್ತು ಹಾಸು ಒಂದನ್ನೊಂದು ಮೇಲೆ-ಕೆಳಗೆ ದಾಟುತ್ತವೆ. ಮಸ್ಲಿನ್, ಟಾಫೆಟಾ ಇವೆರಡೂ ಸಾದಾ ನೇಯ್ಗೆಯವೇ. ಸ್ಯಾಟಿನ್ ನೇಯ್ಗೆಯಲ್ಲಿ ಒಂದು ಎಳೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಎಳೆಗಳ ಮೇಲೆ ತೇಲಿಹೋಗಿ ಒಮ್ಮೆ ಮಾತ್ರ ಕೆಳಗೆ ಇಳಿಯುತ್ತದೆ. ಬೆಳಕು ತಡೆಯಿಲ್ಲದೆ ಜಾರುವುದರಿಂದ ಬಟ್ಟೆ ಹೊಳೆಯುತ್ತದೆ. ಆದರೆ ತೇಲುವ ಎಳೆ ಉಗುರಿಗೆ, ಬಳೆಗೆ ಬೇಗ ಸಿಕ್ಕಿಕೊಳ್ಳುತ್ತದೆ. ಕ್ರೇಪ್ ಮತ್ತು ಜಾರ್ಜೆಟ್‌ಗಳಲ್ಲಿ ನೂಲನ್ನು ಬಿಗಿಯಾಗಿ ಹೊಸೆದಿರುತ್ತಾರೆ. ಅದರಿಂದ ಬಟ್ಟೆಗೆ ಸಣ್ಣ ನೆರಿಗೆಯಂತಹ ಒರಟುತನವೂ, ಮೈಗೆ ಅಂಟದೆ ಇಳಿಬೀಳುವ ಗುಣವೂ ಬರುತ್ತದೆ. ನೆಟ್ ಎಂಬುದು ನೇಯ್ಗೆಯೇ ಅಲ್ಲ, ಅದು ಹೆಣೆಯುವ ಕೆಲಸ. ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ಎಂಬಾತ 1808-09ರಲ್ಲಿ ಅದಕ್ಕೊಂದು ಯಂತ್ರ ಕಂಡುಹಿಡಿದ. ನಮ್ಮ ದರ್ಜಿಗಳು ಗೌನು-ಲೆಹೆಂಗಾ ಅರಳಿ ನಿಲ್ಲಲೆಂದು ಒಳಗೆ ಕೊಡುವ ‘ಕ್ಯಾನ್‌ಕ್ಯಾನ್’ ಕೂಡ ಒರಟು ನೆಟ್ಟೇ.

ಇನ್ನು ಹೆಸರುಗಳನ್ನು ನೋಡಿ. ಮಸ್ಲಿನ್ ಎಂಬ ಹೆಸರಿನಲ್ಲಿ ಇರಾಕಿನ ಮೊಸುಲ್ ಪಟ್ಟಣವಿದೆ. ಟಾಫೆಟಾದ ಮೂಲ ‘ತಾಫ್ತಾ’ ಎಂಬ ಫಾರ್ಸಿ ಪದ. ನಮ್ಮ ಜರಿ ಫಾರ್ಸಿಯ ‘ಜರ್’, ಅಂದರೆ ಚಿನ್ನ. ‘ಸ್ಯಾಟಿನ್’ ಎಂಬ ಪದದ ಹಿಂದೆ ಚೀನಾದ ಒಂದು ಬಂದರಿದೆ. ಈಗಿನ ಚ್ವಾನ್‌ಝೌ ಬಂದರನ್ನು ಅರಬ್ ವ್ಯಾಪಾರಿಗಳು ‘ಜೈತೂನ್’ ಎಂದು ಕರೆಯುತ್ತಿದ್ದರು. ಹೊನ್ನಾವರದ ಹೊಲಿಯದ ಸೀರೆಯನ್ನು ವರ್ಣಿಸಿದ ಅದೇ ಇಬ್ನ್ ಬತೂತಾ, ಜೈತೂನಿನಲ್ಲಿ ನೇಯುವ ರೇಷ್ಮೆಬಟ್ಟೆ ಆ ಊರಿನ ಹೆಸರಿನಿಂದಲೇ ಪ್ರಸಿದ್ಧವೆಂದೂ ಬರೆದ. ಇಗರ್ಜಿಯಲ್ಲಿ ನಿಂತ ಮದುಮಗಳ ಗೌನಿನ ಹೆಸರು ಚೀನಾದ ಬಂದರಿನಿಂದ ಅರಬರ ನಾಲಗೆಯ ಮೂಲಕ ಯುರೋಪಿಗೆ ಹೋಗಿ, ಅಲ್ಲಿಂದ ತಿರುಗಿ ನಮ್ಮ ಕರಾವಳಿಗೆ ಬಂದಿದೆ!

ಧರ್ಮವೂ ನೇಯ್ಗೆಯ ಮೇಲೆ ತನ್ನ ಗುರುತು ಬಿಟ್ಟಿದೆ. ಇಸ್ಲಾಮಿನಲ್ಲಿ ರೇಷ್ಮೆ ಮಹಿಳೆಯರಿಗೆ ಅನುಮತಿಸಲಾದುದು, ಪುರುಷರಿಗೆ ಶುದ್ಧ ರೇಷ್ಮೆ ನಿಷಿದ್ಧ. ನೇಕಾರರು ಇದಕ್ಕೊಂದು ಜಾಣ ಉತ್ತರ ಕಂಡುಕೊಂಡರು. ಹಾಸಿಗೆ ರೇಷ್ಮೆ, ಹೊಕ್ಕಿಗೆ ಹತ್ತಿ ಹಾಕಿ ಸ್ಯಾಟಿನ್ ರೀತಿಯಲ್ಲಿ ನೇಯ್ದರೆ ಹೊರಮೈಯಲ್ಲಿ ರೇಷ್ಮೆ ಹೊಳೆಯುತ್ತದೆ, ಮೈಗೆ ತಾಗುವುದು ಹತ್ತಿ. ಈ ಬಟ್ಟೆಯ ಹೆಸರು ‘ಮಶ್ರೂ’. ಅನುಮತಿ ಪಡೆದದ್ದು ಎಂದು ಅದರ ಅರ್ಥ. ಮುಸ್ಲಿಮರಿಗಾಗಿ ಹುಟ್ಟಿದ ಈ ಬಟ್ಟೆಯನ್ನು ಗುಜರಾತಿನಲ್ಲಿ ಹಿಂದೂ ಮಹಿಳೆಯರೂ ತಮ್ಮ ಘಾಗ್ರಾ-ಚೋಳಿಗಳಿಗೆ ಬಳಸಿದರು.

ಕಾರವಾರದ ಮಸ್ಲಿನ್

1638ರಲ್ಲಿ ಇಂಗ್ಲೆಂಡಿನ ಸರ್ ವಿಲಿಯಂ ಕೋರ್ಟೀನ್‌ನ ಕಂಪೆನಿ ಸೋಂದೆ ಸೀಮೆಯ ಕರಿಮೆಣಸಿನ ಆಸೆಯಿಂದ ಕಾರವಾರದಲ್ಲಿ ಕೋಠಿ ತೆರೆಯಿತು. ಆಗಿನ ಕಾರವಾರ ಇಂದಿನ ಪಟ್ಟಣವಲ್ಲ; ಅದು ಕಾಳಿ ನದಿಯ ದಂಡೆಯಲ್ಲಿ ಮೂರು ಮೈಲಿ ಪೂರ್ವಕ್ಕಿತ್ತು. 1660ರ ಹೊತ್ತಿಗೆ ಮೆಣಸು, ಏಲಕ್ಕಿಗಳ ಜೊತೆ ಪಶ್ಚಿಮ ಭಾರತದ ಅತ್ಯಂತ ನಯವಾದ ಮಸ್ಲಿನ್ ಇಲ್ಲಿಂದ ಹಡಗು ಹತ್ತುತ್ತಿತ್ತು. ‘ಡುಂಗರಿ’ ಎಂಬ ಒರಟು ನೀಲಿ ಹತ್ತಿಬಟ್ಟೆಯೂ ಹೋಗುತ್ತಿತ್ತು. ಇಂದಿನ ‘ಡಂಗರೀಸ್’ ಎಂಬ ಉಡುಪಿನ ಹೆಸರು ಈ ಡುಂಗರಿಯಿಂದಲೇ ಬಂದದ್ದು.

ಆದರೆ ಆ ಮಸ್ಲಿನ್ ಕಾರವಾರದ್ದಲ್ಲ. ಅದನ್ನು ನೇಯುತ್ತಿದ್ದುದು ಘಟ್ಟದ ಮೇಲೆ, ಹುಬ್ಬಳ್ಳಿ ಮತ್ತು ಸುತ್ತಲಿನ ಊರುಗಳಲ್ಲಿ. ಸುಮಾರು 50,000 ನೇಕಾರರು ಈ ಕೋಠಿಗಾಗಿ ದುಡಿಯುತ್ತಿದ್ದರೆಂದು ಬ್ರಿಟಿಷರ ಗೆಝೆಟಿಯರ್ ಹೇಳುತ್ತದೆ. ಕೋಠಿಯ ಸಾಹೇಬರು, ಸೋಂದೆಯ ಅರಸರು, ಊರು ಸುಟ್ಟವರು, ಕೋಟೆ ಕಟ್ಟಿದವರು ಎಲ್ಲರೂ ಇತಿಹಾಸದಲ್ಲಿದ್ದಾರೆ. ಆ 50,000 ಮಂದಿಯಲ್ಲಿ ಒಬ್ಬನ ಹೆಸರೂ ನಮಗೆ ಉಳಿದಿಲ್ಲ. ಗುಡ್ಡ ಹತ್ತಿಳಿದು ಬಟ್ಟೆಯ ಮೂಟೆ ಹೊತ್ತ ಎತ್ತುಗಳನ್ನು ಹೊಡೆದವರ ಹೆಸರೂ ಇಲ್ಲ.

ಸೋಂದೆ ಅರಸನ ವೈರದಿಂದಾಗಿ 1720ರಲ್ಲಿ ಈ ಕೋಠಿ ಎತ್ತಂಗಡಿಯಾಯಿತು. ಅದೇ ಕಾಲಕ್ಕೆ ಲಂಡನ್ನಿನಲ್ಲಿ ಬೇರೊಂದು ನಾಟಕ ನಡೆಯುತ್ತಿತ್ತು. ಭಾರತದ ಅಗ್ಗದ, ಬಣ್ಣ ಬಿಡದ ಹತ್ತಿಬಟ್ಟೆಗೆ ಇಂಗ್ಲೆಂಡಿನ ಮಹಿಳೆಯರು ಮರುಳಾಗಿದ್ದರು. ಕಲ್ಲಿಕೋಟೆಯ ಹೆಸರಿನಿಂದ ಅದಕ್ಕೆ ‘ಕ್ಯಾಲಿಕೊ’ ಎನ್ನುತ್ತಿದ್ದರು. ಕೆಲಸ ಕಳೆದುಕೊಂಡ ಸ್ಪಿಟಲ್‌ಫೀಲ್ಡ್ಸ್‌ನ ರೇಷ್ಮೆ ನೇಕಾರರು 1719ರಲ್ಲಿ ಬೀದಿಗಿಳಿದು, ಕ್ಯಾಲಿಕೊ ತೊಟ್ಟ ಮಹಿಳೆಯರ ಮೈಮೇಲಿನ ಬಟ್ಟೆಯನ್ನೇ ಹರಿದರು. 1700 ಮತ್ತು 1721ರ ಕಾನೂನುಗಳ ಮೂಲಕ ಅಲ್ಲಿನ ಸರಕಾರ ಇಂತಹ ಬಟ್ಟೆಗಳನ್ನು ನಿಷೇಧಿಸಿತು. ‘ಅವರ ಬಟ್ಟೆ ನಮಗೆ ಬೇಡ’ ಎಂಬ ಕೂಗು ಹೊಸದಲ್ಲ. ಆ ಕೂಗಿಗೆ ಆಗಲೂ ಮೊದಲು ಬಲಿಯಾದದ್ದು ದಾರಿಯಲ್ಲಿ ಹೋಗುತ್ತಿದ್ದ ಹೆಂಗಸರು.

ಬಿಳಿ ಗೌನು, ಕೆಂಪು ಸಾಡೊ

ಕ್ರೈಸ್ತರ ಬಿಳಿ ಗೌನು ಬಹಳ ಪುರಾತನವೆಂದು ಅನೇಕರು ತಿಳಿದಿದ್ದಾರೆ. ಬೈಬಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಯುರೋಪಿನಲ್ಲೂ ಮದುಮಗಳು ತನ್ನಲ್ಲಿರುವ ಒಳ್ಳೆಯ ಉಡುಪನ್ನು, ಅದು ಯಾವ ಬಣ್ಣದ್ದಾಗಿದ್ದರೂ, ತೊಡುತ್ತಿದ್ದಳು. ಬಿಳಿಗೆ ಪ್ರತಿಷ್ಠೆ ಬಂದದ್ದು ಮುಖ್ಯವಾಗಿ 1840ರ ಫೆಬ್ರವರಿ 10ರಂದು ವಿಕ್ಟೋರಿಯಾ ರಾಣಿಯ ಮದುವೆಯಿಂದ. ಆಕೆ ಬಿಳಿ ಸ್ಯಾಟಿನ್ ಗೌನನ್ನೂ, ಕೈಯಲ್ಲಿ ಹೆಣೆದ ಹೋನಿಟನ್ ಲೇಸನ್ನೂ ತೊಟ್ಟಳು. ಆ ಸ್ಯಾಟಿನ್ ನೇಯ್ದದ್ದು ಅದೇ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ. ಯಂತ್ರಗಳಿಂದ ನೆಲ ಕಚ್ಚುತ್ತಿದ್ದ ತನ್ನ ದೇಶದ ಕೈಕಸುಬಿಗೆ ಆಸರೆಯಾಗಲಿ ಎಂಬುದೂ ಆ ಆಯ್ಕೆಯ ಹಿಂದಿತ್ತು. ಅಂದರೆ ಇಂದು ನಾವು ಪಾವಿತ್ರ್ಯದ ಸಂಕೇತವೆನ್ನುವ ಬಿಳಿ ಗೌನು ಒಂದು ರೀತಿಯಲ್ಲಿ ಇಂಗ್ಲೆಂಡಿನ ‘ಸ್ವದೇಶಿ’.

ಗೋವೆಯ ಗಡಿಯಲ್ಲಿರುವ ಕಾರವಾರಕ್ಕೆ ಇನ್ನೊಂದು ಕಥೆಯೂ ಗೊತ್ತು. 1560ರಲ್ಲಿ ಗೋವೆಯಲ್ಲಿ ಪೋರ್ಚುಗೀಸರ ಇನ್‌ಕ್ವಿಸಿಷನ್ ಆರಂಭವಾದ ಮೇಲೆ ಹಿಂದೂಗಳೂ ಕ್ರೈಸ್ತರೂ ದಕ್ಷಿಣದ ಈ ನೆಲಕ್ಕೆ ವಲಸೆ ಬಂದರು. 1736ರ ಆದೇಶವೊಂದು ಕ್ರೈಸ್ತರಾದ ಸ್ಥಳೀಯರ ಧೋತಿ, ಚೋಳಿಗಳನ್ನೂ, ಮದುವೆಯ ಅರಸಿನ, ವೀಳ್ಯದೆಲೆಯಂತಹ ಪದ್ಧತಿಗಳನ್ನೂ ನಿಷೇಧಿಸಿತು. ಆದರೆ ಆದೇಶಗಳು ಬಟ್ಟೆಯ ಪೆಟ್ಟಿಗೆಯ ತಳದವರೆಗೆ ತಲುಪುವುದಿಲ್ಲ. ಕೊಂಕಣಿ ಕ್ರೈಸ್ತರ ‘ಸಾಡೊ’ ಉಳಿದುಕೊಂಡಿತು. ಗೋವೆಯ ಕಡೆ ಮದುವೆಗೆ ಮುಂಚೆ ದರ್ಜಿಯನ್ನು ಮನೆಗೆ ಕರೆಸಿ, ಮದುಮಗಳ ಕೆಂಪು ಬಟ್ಟೆಗೆ ಮೊದಲ ಕತ್ತರಿ ಹಾಕಿಸುವುದೇ ಒಂದು ಶಾಸ್ತ್ರ. ಆಗ ಪಟಾಕಿಯನ್ನೂ ಸಿಡಿಸುತ್ತಾರೆ. ದಕ್ಷಿಣ ಕನ್ನಡದ ಕಡೆ ಸಾಡೊ ಎಂದರೆ ಕೆಂಪು ಸೀರೆಯೇ. ಇಗರ್ಜಿಗೆ ವಿಕ್ಟೋರಿಯಾಳ ಬಿಳಿ, ಮನೆಗೆ ಅಜ್ಜಿಯ ಕೆಂಪು. ಒಂದೇ ಮದುಮಗಳು ಎರಡನ್ನೂ ಉಟ್ಟು ಎರಡಕ್ಕೂ ನ್ಯಾಯ ಸಲ್ಲಿಸುತ್ತಾಳೆ. ಆ ಕೆಂಪು ಇಳಕಲ್ಲಿನ ‘ಗಿರಿ ಕುಂಕುಮ’ ಸೀರೆಯ ಕೆಂಪಿಗೂ, ನಿಕಾಹ್‌ದ ಜೋಡಾದ ಕೆಂಪಿಗೂ ಅಕ್ಕತಂಗಿ.

ಇನ್ನು ರವಿಕೆ, ಲಂಗಗಳೊಡನೆ ಸೀರೆಯುಡುವ ಇಂದಿನ ರೀತಿ? ಅದೂ ಅನಾದಿಯಲ್ಲ. 1860ರ ದಶಕದಲ್ಲಿ ಮುಂಬಯಿಗೆ ಬಂದ ಬಂಗಾಳದ ಜ್ಞಾನದಾನಂದಿನಿ ದೇವಿ, ಪಾರ್ಸಿ ಮಹಿಳೆಯರನ್ನು ನೋಡಿ ಹೊರಗೆ ಓಡಾಡಲು ಅನುಕೂಲವಾದ ರೀತಿಯೊಂದನ್ನು ರೂಪಿಸಿದರು. ಅದು ದೇಶದಲ್ಲೆಲ್ಲ ಹರಡಿದ ರೀತಿಗಳಲ್ಲಿ ಒಂದು. ಅವರ ಪತಿ ಸತ್ಯೇಂದ್ರನಾಥ ಠಾಕೂರ್ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಅಣ್ಣನ ಮನೆಗೆ ಬಂದ ರವೀಂದ್ರನಾಥರು ಈ ಕಡಲತೀರಕ್ಕೆ ಮನಸೋತದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಆ ತೀರಕ್ಕೆ ಇಂದು ಅವರದೇ ಹೆಸರು. 1883ರ ಡಿಸೆಂಬರ್ 9ರಂದು ರವೀಂದ್ರರ ಮದುವೆ ನಡೆಯಿತು.

ತಿರುಗಿದ ಗಾಳಿ

ಸತ್ಯೇಂದ್ರನಾಥರಂತಹ ಅಧಿಕಾರಿಗಳು ಇಲ್ಲಿಗೆ ಬರಲು ಕಾರಣವೂ ಒಂದರ್ಥದಲ್ಲಿ ಬಟ್ಟೆಯೇ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಲಂಕಾಶೈರಿನ ಗಿರಣಿಗಳಿಗೆ ಹತ್ತಿ ನಿಂತಿತು. ಅವರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಅದನ್ನು ಘಟ್ಟ ಇಳಿಸಿ ಸದಾಶಿವಗಡ-ಕಾರವಾರದಿಂದ ನೇರವಾಗಿ ಹಡಗಿಗೆ ಹಾಕಬೇಕೆಂದು ಮ್ಯಾಂಚೆಸ್ಟರ್ ಕಾಟನ್ ಕಂಪೆನಿ ಒತ್ತಾಯಿಸಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಒತ್ತಾಯವೂ ಇತ್ತು. ಕಾರವಾರ ಜಿಲ್ಲಾ ಕೇಂದ್ರವಾಯಿತು, ಈಗಿನ ಪಟ್ಟಣ ಬೆಳೆಯಿತು.

ಗಮನಿಸಿ, 200 ವರ್ಷಗಳಲ್ಲಿ ಗಾಳಿ ಹೇಗೆ ತಿರುಗಿತು! 1660ರಲ್ಲಿ ಹುಬ್ಬಳ್ಳಿಯಿಂದ ನೇಯ್ದ ಬಟ್ಟೆ ಇಳಿದು ಇಂಗ್ಲೆಂಡಿಗೆ ಹೋಗುತ್ತಿತ್ತು. 1860ರಲ್ಲಿ ಅದೇ ದಾರಿಯಲ್ಲಿ ಬರಿಯ ಅರಳೆ ಇಳಿದು ಹೋಗಬೇಕಿತ್ತು, ಬಟ್ಟೆ ಅಲ್ಲಿಂದ ಬರಬೇಕಿತ್ತು. ಆದರೆ ಬಂದರೂ ರಸ್ತೆಯೂ ಸಕಾಲಕ್ಕೆ ಸಿದ್ಧವಾಗಲಿಲ್ಲ, ಯುದ್ಧ ಮುಗಿಯಿತು. 1880ರ ದಶಕದಲ್ಲಿ ಮರ್ಮಗೋವೆಗೆ ರೈಲು ಬಂದು ವ್ಯಾಪಾರ ಅತ್ತ ಸರಿಯಿತು. ಹುಬ್ಬಳ್ಳಿ-ಅಂಕೋಲಾ ರೈಲಿನ ಮಾತು ಇಂದಿಗೂ ಮುಗಿದಿಲ್ಲ.

ಇದಕ್ಕೆ ಉತ್ತರವಾಗಿ ಬಂದದ್ದು ಖಾದಿ. 1930ರ ಏಪ್ರಿಲ್‌ನಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿದ ಅಂಕೋಲಾ, ಮುಂದೆ ಕರನಿರಾಕರಣೆಯಲ್ಲಿ ‘ಕರ್ನಾಟಕದ ಬಾರ್ಡೋಲಿ’ ಎನಿಸಿತು. ಭೂಮಿ, ಪಾತ್ರೆ-ಪಗಡೆ ಕಳೆದುಕೊಂಡ ರೈತರ ನೆಲವದು. ಖಾದಿ ಆಗ ಮದುವೆಯ ಬಟ್ಟೆಯೂ ಆಯಿತು. 1942ರಲ್ಲಿ ಇಂದಿರಾ ಗಾಂಧಿಯವರು ಮದುವೆಯಲ್ಲಿ ಉಟ್ಟದ್ದು ತಂದೆ ಜೈಲಿನಲ್ಲಿ ನೂತ ನೂಲಿನ ಸೀರೆಯನ್ನು. ಕಾರವಾರಕ್ಕೆ ಮಸ್ಲಿನ್ ಕೊಟ್ಟ ಹುಬ್ಬಳ್ಳಿಯಲ್ಲೇ, ಬೆಂಗೇರಿಯ ಖಾದಿ ಸಂಘದ ಮಹಿಳೆಯರು ರಾಷ್ಟ್ರಧ್ವಜ ಹೊಲಿಯುತ್ತ ಬಂದಿದ್ದಾರೆ. 2021ರ ಡಿಸೆಂಬರ್ 30ರ ತಿದ್ದುಪಡಿ ಧ್ವಜಕ್ಕೂ ಪಾಲಿಯೆಸ್ಟರನ್ನು ಒಪ್ಪಿತು. 1941ರಲ್ಲಿ ಮ್ಯಾಂಚೆಸ್ಟರಿನ ಕ್ಯಾಲಿಕೊ ಪ್ರಿಂಟರ್ಸ್ ಸಂಸ್ಥೆಯ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದ ಪಾಲಿಯೆಸ್ಟರ್ ನೂಲು, ಹೀಗೆ ಮದುಮಗಳ ಗೌನಿಗೂ, ಸೀರೆಗೂ, ಜೋಡಾಕ್ಕೂ, ಕೊನೆಗೆ ಧ್ವಜಕ್ಕೂ ಬಂದಿದೆ.

ಯಾರು ನೇಯ್ದರು?

ಕರ್ನಾಟಕದ ರೇಷ್ಮೆಗೆ 1780ರ ದಶಕದಲ್ಲಿ ಬಂಗಾಳದಿಂದ ಹುಳು ತರಿಸಿದವನು ಟಿಪ್ಪು ಸುಲ್ತಾನ. 1912ರಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ತೆರೆದವರು ನಾಲ್ವಡಿ ಕೃಷ್ಣರಾಜ ಒಡೆಯರು. ಗೂಡು ಬೆಳೆಯುವವನು ಕೋಲಾರ, ರಾಮನಗರ ಕಡೆಯ ಒಕ್ಕಲಿಗ. ರಾಮನಗರ, ಶಿಡ್ಲಘಟ್ಟಗಳಲ್ಲಿ ಬಿಸಿನೀರಿಗೆ ಕೈಯಿಟ್ಟು ಆ ಗೂಡಿನ ನೂಲು ಬಿಚ್ಚುವವರಲ್ಲಿ ಬಹಳಷ್ಟು ಮಂದಿ ಮುಸ್ಲಿಮರು. ಒಂದು ಕಿಲೊ ನೂಲಿಗೆ 6ರಿಂದ 8 ಕಿಲೊ ಗೂಡು ಬೇಕು. ನೇಯುವವನು ದೇವಾಂಗನೋ, ಪದ್ಮಶಾಲಿಯೋ. ಬನಾರಸಿಯಾದರೆ ವಾರಾಣಸಿಯ ಅನ್ಸಾರಿ. ಜರಿ ಬರುವುದು ಸೂರತ್ತಿನಿಂದ. ಧಾರೆಯ ಹೊತ್ತಿಗೆ ಮದುಮಗಳ ಹೆಗಲೇರುವ ಸೀರೆ ಅಷ್ಟರೊಳಗೆ ಎಷ್ಟು ಜಾತಿ, ಎಷ್ಟು ಧರ್ಮದವರ ಕೈ ದಾಟಿರುತ್ತದೆ! ಅದನ್ನು ‘ಮಡಿ’ ಎನ್ನಲು ಯಾರೂ ಹಿಂಜರಿಯುವುದಿಲ್ಲ. ಹಿಂಜರಿಯಬೇಕಾಗಿಯೂ ಇಲ್ಲ.

ಆದರೆ ಬೆಲೆಯ ಬಗ್ಗೆ ಒಂದಿಷ್ಟು ಹಿಂಜರಿಯಬೇಕು. ಒಂದು ದಿನದ ಬಟ್ಟೆಗೆ ಸಾಲ ಮಾಡುವ ಮನೆಗಳು ಎಲ್ಲ ಸಮುದಾಯಗಳಲ್ಲೂ ಇವೆ. ಶುದ್ಧ ರೇಷ್ಮೆಯ ಹಣ ಕೊಟ್ಟು ಪಾಲಿಯೆಸ್ಟರ್ ತಂದವರೂ ಇದ್ದಾರೆ. ಅಂಚಿನ ಎರಡು ಎಳೆ ಬಿಡಿಸಿ ಉರಿಸಿ ನೋಡಿದರೆ ಸತ್ಯ ತಿಳಿಯುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ, ಬೆರಳಿಗೆ ಪುಡಿಯಾಗುವ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿ ಕಾಗದದಂತೆ ಉರಿದುಹೋಗುತ್ತದೆ. ಕಾರವಾರದ ಮಳೆಗಾಲ ಮತ್ತು ಉಪ್ಪುಗಾಳಿಯೂ ಒಂದು ಪರೀಕ್ಷೆಯೇ. ನುಸಿಗುಳಿಗೆ ಹಾಕಿ ಪೆಟ್ಟಿಗೆಯಲ್ಲಿಟ್ಟರೂ ಬೆಳ್ಳಿಯ ಜರಿ ಕಪ್ಪಾಗುತ್ತದೆ, ಬಿಳಿ ರೇಷ್ಮೆ ಹಳದಿಗಟ್ಟುತ್ತದೆ. ಆಗಾಗ ತೆಗೆದು ನೆರಳಲ್ಲಿ ಗಾಳಿಗೆ ಹಾಕಿ ಮಡಿಕೆ ಬದಲಿಸದಿದ್ದರೆ ಮಡಿಚಿದಲ್ಲೇ ಸೀಳುತ್ತದೆ.

ಸೀಳಿದ ಮೇಲೆ? ಇದೇ ಜಿಲ್ಲೆಯ ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿ ಮಹಿಳೆಯರು ಅದಕ್ಕೆ ಉತ್ತರ ಕಂಡುಕೊಂಡಿದ್ದಾರೆ. ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ವಂಶದ ಈ ಜನರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಹಳೆಯ ಸೀರೆ, ಲಂಗ, ಅಂಗಿಗಳ ತುಂಡುಗಳನ್ನು ಅಂಚಿನಿಂದ ನಡುವಿನವರೆಗೆ ಜೋಡಿಸಿ ಅವರು ಕೌದಿ ಹೊಲಿಯುತ್ತಾರೆ. ಕೊನೆಯಲ್ಲಿ ನಾಲ್ಕು ಮೂಲೆಗೆ ಮಡಿಚಿದ ಬಟ್ಟೆಯ ‘ಫೂಲ’ ಇಡುತ್ತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆಯಾದಂತೆ ಎಂಬುದು ಅವರ ನಂಬಿಕೆ. ಧಾರೆಯ ಸೀರೆಯ ಚೂರು, ಸಾಡೊದ ಚೂರು, ಜೋಡಾದ ಚೂರು ಅಲ್ಲಿ ಅಕ್ಕಪಕ್ಕ ಕೂರುತ್ತವೆ. ಅದರ ಮೇಲೆ ಮಲಗುವ ಕೂಸಿಗೆ ಯಾವ ಚೂರು ಯಾರದೆಂದು ತಿಳಿಯದು. ಬೆಚ್ಚಗಿರುವುದು ಮಾತ್ರ ತಿಳಿಯುತ್ತದೆ.